ಅಂದು ಹೆಬ್ಬೆಟ್ಟು, ಇಂದು ಸಹಿ

ಓದು ಬಾರದವರನ್ನು ಓದು ಕಲಿಯಲು ಕರೆಯಬೇಕು. ಅದಕ್ಕಾಗಿ ಎಂಟಡಿ ಅಗಲದ ಫ್ಲೆಕ್ಸ್ ಮೇಲೆ ದಪ್ಪಕ್ಷರದಲ್ಲಿ ನಾಲ್ಕು ಸಾಲು ಬರೆದು ಬಸ್ ಸ್ಟ್ಯಾಂಡಿನಲ್ಲಿ ಕಟ್ಟಬೇಕು. ಈ ಘನಂದಾರಿ ಕೆಲಸಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ತಿ. ನರಸೀಪುರದ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ನಮ್ಮ ಸಂಸ್ಥೆಯ ಆಫೀಸು. ದೊಡ್ಡವರಿಗೆ ಅಕ್ಷರ, ಚಿಕ್ಕವರಿಗೆ ಸ್ಪೋಕನ್ ಇಂಗ್ಲಿಷ್. ಎರಡನ್ನೂ ಒಂದೇ ಕರಪತ್ರದ ಎರಡು ಮಗ್ಗುಲಿಗೆ ಅಚ್ಚು ಹಾಕಿಸುತ್ತಿದ್ದೆವು. ನಾನು ನಂಜನಗೂಡಿನಲ್ಲಿ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆಯವರೆಗೂ ಕೂತು ಸಾಲು ಹೊಸೆಯುತ್ತಿದ್ದೆ.

ನಮ್ಮ ಮ್ಯಾನೇಜರು ಮೊದಲು ನೀರಿನ ಫಿಲ್ಟರ್ ಮಾರುತ್ತಿದ್ದವರು. ಫಿಲ್ಟರಿಗೂ ಅಕ್ಷರಕ್ಕೂ ಅವರಿಗೆ ವ್ಯತ್ಯಾಸವೇನೂ ಕಂಡಿರಲಿಲ್ಲ. ‘ಜ್ಞಾನ, ಬೆಳಕು, ದೀಪ ಎಲ್ಲಾ ಬಿಡಿ, ಯಾರಿಗೆ ಬೇಕು? ಒಂದು ಪಂಚ್ ಇರಬೇಕು ಕಣ್ರೀ’ ಎನ್ನುತ್ತಿದ್ದರು. ನಾನು ಕೊಟ್ಟ ಪಂಚು ಇದು: ‘ಅಂದು ಹೆಬ್ಬೆಟ್ಟು, ಇಂದು ಸಹಿ. ಕೇವಲ ಮೂವತ್ತು ದಿನದಲ್ಲಿ!’ ಅವರು ಮೇಜು ಗುದ್ದಿ ನಕ್ಕರು. ನನಗೂ ಒಳಗೊಳಗೇ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಮೂವತ್ತು ದಿನದಲ್ಲಿ ಒಬ್ಬ ಮನುಷ್ಯ ಕಲಿಯಬಹುದಾದದ್ದು ತನ್ನ ಹೆಸರನ್ನು ಗೀಚುವುದಷ್ಟೆ. ಹಾಗಾಗಿ ಆರು ತಿಂಗಳ ಪಾಠವನ್ನು ನನ್ನ ಸಾಲಿನ ಅಳತೆಗೆ ಕತ್ತರಿಸಿದರು. ಓದುವುದು ಹೋಯಿತು, ಸಹಿ ಉಳಿಯಿತು. ದರ್ಜಿ ಅಂಗಿಗೆ ತಕ್ಕಂತೆ ಮನುಷ್ಯನ ಕೈ ಕತ್ತರಿಸಿದ ಹಾಗೆ. ಯಾರೂ ತಕರಾರು ಮಾಡಲಿಲ್ಲ, ನಾನಂತೂ ಮಾಡಲೇ ಇಲ್ಲ.

ದೇವನೂರಿನಿಂದಾಚೆ ಒಂದು ಹಳ್ಳಿಯಲ್ಲಿ ನಮ್ಮ ತರಗತಿ ಇತ್ತು. ಅಲ್ಲಿಗೆ ಬರುತ್ತಿದ್ದವರಲ್ಲಿ ಒಬ್ಬರು ಗ್ರಾಮ ಪಂಚಾಯಿತಿ ಸದಸ್ಯೆ. ಐವತ್ತರ ಆಸುಪಾಸಿನ ಹೆಂಗಸು, ಹಗಲು ಕೂಲಿ ಕೆಲಸ, ಮೀಸಲು ಸೀಟಿನಲ್ಲಿ ನಿಂತು ಗೆದ್ದವರು. ಊರವರಿಗೆ ಮೆಂಬರಮ್ಮ, ನನಗೆ ಅಕ್ಕ. ಯಾಕೆ ಕಲಿಯಬೇಕು ಅನ್ನಿಸಿತು ಎಂದು ನಾನು ಫಾರಂ ತುಂಬಿಸಲು ಕೇಳಿದಾಗ ಅವರು ಅಂದದ್ದು ಇಷ್ಟು: “ಮೀಟಿಂಗ್ನಲ್ಲಿ ಪುಸ್ತಕ ತಂದು ಮುಂದಕ್ಕೆ ಮಡುಗ್ತಾರೆ ಸಾ. ಅದ್ರಲ್ಲಿ ಏನ್ ಬರ್ದವ್ರೆ ಅಂತ ನಾನೇ ಓದ್ಬೇಕು. ಅಷ್ಟೇಯ.” ನಾನು ಫಾರಮ್ಮಿನಲ್ಲಿ ‘ಸ್ವಾವಲಂಬನೆ’ ಎಂದು ಬರೆದುಕೊಂಡೆ.

ಅವರಿಗೆ ಸಹಿ ಬಂದ ದಿನ ಮೈಸೂರಿನಿಂದ ಫೋಟೋಗ್ರಾಫರ್ ಬಂದ. ಎಡಗೈ ಹೆಬ್ಬೆರಳಿಗೆ ಇಂಕು ಬಳಿದು, ಬಲಗೈಗೆ ಪೆನ್ನು ಕೊಟ್ಟು, ನಗಿ ನಗಿ ಎಂದು ಪ್ರಾಣ ತಿಂದ. ಎಲ್ಲಾ ಮುಗಿದ ಮೇಲೆ ಅಕ್ಕ ಕೈ ಒರೆಸಿಕೊಳ್ಳುತ್ತ, “ಓದಾದು ಯಾವಾಗ ಸಾ ಏಳ್ಕೊಡಾದು?” ಎಂದರು. ‘ಮುಂದಿನ ಹಂತದಲ್ಲಿ’ ಎಂದೆ. ಮುಂದಿನ ಹಂತ ಎನ್ನುವುದು ಇರಲೇ ಇಲ್ಲ, ಅದು ನನಗೆ ಗೊತ್ತಿತ್ತು. ಫ್ಲೆಕ್ಸ್ ಅಚ್ಚಾಗಿ ಬಂದ ವಾರವೇ ಅಲ್ಲಿನ ತರಗತಿ ಮುಚ್ಚಿ ಟೀಚರನ್ನು ಕವಲಂದೆ ಕಡೆಗೆ ಕಳಿಸಿದರು. ಅಕ್ಕನ ಫೋಟೋ ಹೊತ್ತ ಫ್ಲೆಕ್ಸುಗಳು ನಂಜನಗೂಡು, ನರಸೀಪುರ ಎರಡೂ ಪೇಟೆಯ ಬಸ್ ಸ್ಟ್ಯಾಂಡುಗಳಲ್ಲಿ ಏರಿದವು. ಇನ್ನೊಂದನ್ನು, ಮೆಂಬರಮ್ಮನಿಗೆ ಗೌರವವಾಗಲಿ ಎಂದು, ಅವರ ಪಂಚಾಯಿತಿ ಕಚೇರಿಯ ಗೇಟಿಗೇ ಕಟ್ಟಿಸಿದೆವು.

ಎರಡು ತಿಂಗಳಾದ ಮೇಲೆ ಅಕ್ಕ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಕೂತುಕೊಳ್ಳಿ ಅಂದರೂ ಕೂರಲಿಲ್ಲ.

“ಮೊದ್ಲು ಹೆಬ್ಬೆಟ್ ಒತ್ತುವಾಗ ಎಲ್ಲನೂ ಓದಿ ಏಳೋರು ಸಾ. ಈಗ ಸೈನ್ ಮಾಡ್ತೀನಿ ನೋಡಿ, ಯಾರೂ ಏಳಲ್ಲ.”

ನನಗೆ ತಕ್ಷಣ ಅರ್ಥವಾಯಿತು. ಆ ಪಂಚಾಯಿತಿಯಲ್ಲಿ ಒಂದು ಹಳೆಯ ಪದ್ಧತಿ. ಹೆಬ್ಬೆಟ್ಟಿನವರಿಗೆ ಬರೆದದ್ದನ್ನು ಪೂರ್ತಿ ಓದಿ ಹೇಳಬೇಕು. ಆಮೇಲೆ ಹೆಬ್ಬೆಟ್ಟಿನ ಪಕ್ಕದಲ್ಲಿ ‘ಓದಿ ಹೇಳಿ ಒಪ್ಪಿಗೆ ಪಡೆಯಲಾಗಿದೆ’ ಎಂದು ಗುಮಾಸ್ತ ಬರೆಯಬೇಕು. ಸಹಿ ಹಾಕುವವರಿಗೆ ಯಾರು ಓದಿ ಹೇಳುತ್ತಾರೆ? ಅವರು ಓದಿಕೊಂಡೇ ಹಾಕಿರುತ್ತಾರೆ ಎಂದು ಲೆಕ್ಕ. ನಾವು ಆ ಹೆಂಗಸಿನ ಕೈಗೆ ಪೆನ್ನು ಕೊಟ್ಟು ಕಿವಿ ಮುಚ್ಚಿಬಿಟ್ಟಿದ್ದೆವು.

ಆಗಿದ್ದು ಇಷ್ಟು. ಹಿಂದಿನ ಸಭೆಯಲ್ಲಿ ಅವರು ಸಹಿ ಹಾಕಿದ ಪುಸ್ತಕದಲ್ಲಿ, ಅವರ ಬೀದಿಯಲ್ಲಿರುವ ನೀರಿನ ತೊಂಬೆಯನ್ನು ಕಿತ್ತು ಮೇನ್ ರೋಡಿನ ಕಲ್ಯಾಣ ಮಂಟಪದ ಬಳಿ ಹಾಕುವ ತೀರ್ಮಾನವಿತ್ತು. ಇಡೀ ಬೀದಿ ನೀರು ಹಿಡಿಯುವುದು ಆ ಸಣ್ಣ ಟ್ಯಾಂಕಿನ ನಲ್ಲಿಗಳಲ್ಲಿ. ಅಳತೆ ಟೇಪು ಹಿಡಿದವರು ಬಂದಾಗಲೇ ಅಕ್ಕನಿಗೆ ಗೊತ್ತಾದದ್ದು. ಬೀದಿಯ ಹೆಂಗಸರು ಬಿಂದಿಗೆ ಸಮೇತ ಅವರ ಮನೆ ಮುಂದೆ ನಿಂತು, ನೀನೇ ಅಲ್ವಾ ಸೈನ್ ಮಾಡ್ದೋಳು ಎಂದು ಉಗಿದಿದ್ದರು.

ಸಭೆಗಳಲ್ಲಿ ಮೊದಲ ವಿಷಯ ಯಾವಾಗಲೂ ಒಂದೇ: ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು. ಯಾರೂ ಓದುವುದಿಲ್ಲ, ಓದಲಾಯಿತು ಎಂದು ಬರೆದುಕೊಂಡು ಟೀ ತರಿಸುತ್ತಾರೆ. ಬರುವ ಗುರುವಾರದ ಸಭೆಯಲ್ಲಿ ಅದನ್ನು ಓದಿಸಿ, ದೃಢೀಕರಿಸಬೇಡಿ ಎಂದು ಹೇಳಿಕೊಟ್ಟೆ. ಅಕ್ಕ ನನ್ನನ್ನೇ ನೋಡುತ್ತ, “ನೀವೂ ಬನ್ನಿ ಸಾ. ಪಟ ತಗ್ಸಿದ್ದು ನೀವೇ ಅಲ್ವಾ” ಎಂದರು. ಜ್ವರ ಎಂದು ರಜೆ ಹಾಕಿ ಹೋದೆ.

ಗೋಡೆ ಬದಿಯ ಬೆಂಚಿನಲ್ಲಿ ಕೂತಿದ್ದೆ. ಪಂಚಾಯಿತಿಯ ಅಧಿಕಾರಿ, ಪಿಡಿಒ, ನಡಾವಳಿ ಪುಸ್ತಕವನ್ನು ಅಕ್ಕನ ಮುಂದೆ ತಳ್ಳಿದರು.

“ಓದಿ ಏಳಿ ಸಾ” ಎಂದರು ಅಕ್ಕ.

“ಗೇಟಲ್ಲೇ ನಿಮ್ಮ ಫೋಟೋ ಇದೆಯಲ್ಲಮ್ಮ, ಅಷ್ಟು ದೊಡ್ಡದು. ನೀವೇ ಓದ್ಕೊಳ್ಳಿ.”

ಸಭೆಯೆಲ್ಲ ಗೊಳ್ಳೆಂದಿತು. ಅಕ್ಕ ನಗಲಿಲ್ಲ. “ಆ ಪಟ ಸುಳ್ಳು ಕನ ಸಾ. ನಂಗೆ ಬರೋದು ನನ್ನೆಸ್ರು ಒಂದೇಯ. ಬೇಕಾದ್ರೆ ಅವ್ರನ್ನೇ ಕೇಳಿ, ಬರ್ದೋರು ಅಲ್ಲೇ ಕುಂತವ್ರೆ.”

ಎಲ್ಲರೂ ನನ್ನ ಕಡೆ ತಿರುಗಿದರು. ಎದ್ದು ನಿಂತೆ. “ನಿಜ. ಸಹಿ ಮಾತ್ರ ಕಲಿಸಿದ್ದೀವಿ. ಓದೋದು ಕಲಿಸಿಲ್ಲ” ಎಂದೆ. ಆ ಸಂಸ್ಥೆಯ ಬಗ್ಗೆ ನಾನು ಹೇಳಿದ ಮೊದಲ ಪ್ರಾಮಾಣಿಕ ವಾಕ್ಯ ಅದು.

ಪಿಡಿಒ ಬೇರೆ ದಾರಿಯಿಲ್ಲದೆ ಓದತೊಡಗಿದರು. ತೊಂಬೆಯ ವಿಷಯ ಬಂದಾಗ ಕನ್ನಡಕ ಹಾಕಿದ್ದ ಒಬ್ಬ ಸದಸ್ಯರು, ಡಿಗ್ರಿ ಓದಿದವರು, ಬೆಚ್ಚಿ ಕೇಳಿದರು: “ಲೇ, ಇದ್ಯಾವಾಗ ಮಾಡುದ್ವೋ?” ಪಕ್ಕದವರು, “ನೀನೂ ಸೈನ್ ಮಾಡಿದೀಯಲ್ಲ, ನೋಡ್ಕೊ” ಎಂದರು. ಇನ್ನಿಬ್ಬರು ಬಗ್ಗಿ ತಮ್ಮ ಸಹಿ ಹುಡುಕಿಕೊಂಡರು. ಬಾಲ್ಯದಿಂದ ಅಕ್ಷರ ಬಲ್ಲ ಮಹನೀಯರು ಅವರೆಲ್ಲ, ಒಬ್ಬರಾದರೂ ಒಂದು ಸಾಲು ಓದಿರಲಿಲ್ಲ. ಅವರಿಗಾಗಿ ನಾವು ಯಾವ ಫ್ಲೆಕ್ಸನ್ನೂ ಮಾಡಿಸಿರಲಿಲ್ಲ. ಕೊನೆಗೆ ಆ ಒಂದು ವಿಷಯವನ್ನು ದೃಢೀಕರಿಸದೆ ಗ್ರಾಮಸಭೆಗೆ ಬಿಟ್ಟರು. ತೊಂಬೆ ಸದ್ಯಕ್ಕೆ ಉಳಿಯಿತು.

ಸುದ್ದಿ ನಮ್ಮ ಮ್ಯಾನೇಜರಿಗೆ ಮುಟ್ಟಿತು. ಕೆಲಸ ಹೋಯಿತು ಎಂದುಕೊಂಡು ಮರುದಿನ ಹೋದರೆ ಅವರು ಎದ್ದು ಕೈ ಕುಲುಕಿದರು. “ಸೂಪರ್ ಸ್ಟೋರಿ ಕಣ್ರೀ! ‘ಅಂದು ಸಹಿ, ಇಂದು ಪ್ರಶ್ನೆ!’ ಹೊಸ ಫ್ಲೆಕ್ಸ್. ಆಯಮ್ಮ ಪುಸ್ತಕ ಹಿಡ್ಕೊಂಡು ನಿಂತಿರೋ ಥರ ಒಂದು ಫೋಟೋ. ನೀವೇ ಮಾತಾಡಿ ಒಪ್ಪಿಸಿ, ನಿಮ್ಮ ಮಾತು ಕೇಳ್ತಾರೆ.” ಆ ಮನುಷ್ಯನನ್ನು ಏನು ಮಾಡಿದರೂ ಅವಮಾನಿಸಲು ಸಾಧ್ಯವಿರಲಿಲ್ಲ.

ನಾನು ಅವರಿಗಿಂತ ಮೇಲೇನಲ್ಲ, ಹೋದೆ. ಅಕ್ಕ ತೊಂಬೆಯ ಹತ್ತಿರ ಬಿಂದಿಗೆ ತುಂಬಿಸುತ್ತಿದ್ದರು. ಫೋಟೋ ವಿಷಯ ಹೇಳಿದೆ. ಅವರು ನಲ್ಲಿ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು.

“ನಿಲ್ಸಿದ್ರಲ್ಲ ಪಾಟ, ಅದ ಮೊದ್ಲು ಸುರು ಮಾಡಿ ಸಾ. ಆನೆ, ಇಲಿ ಎಲ್ಲ ಬ್ಯಾಡ. ಆ ಮೀಟಿಂಗ್ ಪುಸ್ತಕದಲ್ಲಿ ಇರೋದ್ನೇ ಏಳ್ಕೊಡಿ.”

ಸಂಸ್ಥೆಯಲ್ಲಿ ಅಂಥ ಪಾಠ ಇಲ್ಲ ಎನ್ನಲು ಬಾಯಿ ತೆರೆದೆ. ಆಮೇಲೆ, “ಭಾನುವಾರ ನಾನೇ ಬರ್ತೀನಿ ಅಕ್ಕ” ಎಂದೆ.

ಅವರು ಬಿಂದಿಗೆಯನ್ನು ಸೊಂಟಕ್ಕೆ ಏರಿಸಿಕೊಂಡರು.

“ಬನ್ನಿ. ಪಟ ತಗಿಯೋರ್ನ ಮಾತ್ರ ಕರ್ಕೊಂಡ್ ಬರ್ಬ್ಯಾಡಿ.”