ಮ್ಯಾನೇಜರ್ ಶೇಷಣ್ಣನವರ ಲಿಂಬೆಹೋಳು

ಮೂಲೆ ಹರಿದ ಕಾರ್ಡು ಬಂದಾಗ ನಾನು ಸಂಡಿಗೆ ಹಿಟ್ಟು ತಿರುವುತ್ತಿದ್ದೆ. ಒಲೆಯ ಮೇಲೆ ಹಿಟ್ಟು ಕುದಿಯುತ್ತಿರುವಾಗ ಕೈ ಬಿಡುವ ಹಾಗಿಲ್ಲ, ಬಿಟ್ಟರೆ ಗಂಟು. ಎಂಟು ದಿನದಲ್ಲಿ ಮಳೆ ಹಿಡಿಯುತ್ತದೆ ಎನ್ನುತ್ತಿದ್ದರು, ಅಷ್ಟರೊಳಗೆ ಒಂದು ಡಬ್ಬಿಯಾದರೂ ಆಗಬೇಕಿತ್ತು. ಅವತ್ತು ಆದಿತ್ಯವಾರ, ಟಪಾಲು ಒಂದೇ ಹೊತ್ತು ಬರುವ ದಿನ. ಸದಾಶಿವ ಪೇಠದ, ಹತ್ತಾರು ಬಿಡಾರಗಳ ನಮ್ಮ ವಾಡೆಯ ಮುಂದಿನ ಕಟ್ಟೆಯ ಮೇಲೆ ಗಂಡಸರು ಬೆಳಗಿನಿಂದ ಫುಟ್‌ಬಾಲ್ ಮಾತು ಹಚ್ಚಿದ್ದರು. ಮಳೆಯ ಜೊತೆಗೇ ಮ್ಯಾಚುಗಳೂ ಶುರುವಾಗುತ್ತವೆ. ಹೊಸ ಹಂಗಾಮಿಗೆ ಪೇಠದ ತಂಡವನ್ನು ಯಾರು ನಡೆಸಬೇಕು ಎಂಬಲ್ಲಿಂದ ಹೊರಟ ಮಾತು, ಪ್ರತಿ ಸಲದಂತೆ, ಹಳೆಯ ಮ್ಯಾನೇಜರ್ ಶೇಷಣ್ಣ ತಂಡವನ್ನು ಕಟ್ಟಿದರೋ ಕೆಡವಿದರೋ ಎಂಬಲ್ಲಿಗೆ ಬಂದು ನಿಂತಿತ್ತು. ಅಡುಗೆಮನೆಯ ಕಿಟಕಿ ಕಟ್ಟೆಯ ಮಗ್ಗುಲಿಗೇ ಇದೆ. ಎಲ್ಲ ಕೇಳುತ್ತಿತ್ತು.

ಅಷ್ಟರಲ್ಲಿ ಹೊರಗೆ ಟಪಾಲಿನವನ ಕೂಗು ಕೇಳಿತು. ನಮ್ಮ ಮನೆಯವರು ಹೊಸ್ತಿಲ ಆಚೆಗೇ ನಿಂತು ಹೇಳಿದರು: “ಟಪಾಲ ಬಂತು. ಶೇಷಣ್ಣ ಹೋದನಂತ. ದೌಂಡದಾಗ. ಅವನ ತಂಗಿ ಬರದಾಳ.”

ಮೂಲೆ ಹರಿದು ಕಳಿಸುವ ಸಾವಿನ ಕಾರ್ಡನ್ನು ನಾವು ಮನೆಯೊಳಗೆ ತರುವುದಿಲ್ಲ. ಅವರು ಅದನ್ನು ಅಲ್ಲೇ ನಿಂತು ಹರಿದರು. ನನ್ನ ಕೈಯ ಸೌಟು ನಿಂತೇಬಿಟ್ಟಿತು. ಐವತ್ತೂ ತುಂಬದ ಮನುಷ್ಯ. ಹೋದ ಸಂಕ್ರಾಂತಿಗೆ ಲಕೋಟೆಯಲ್ಲಿ ಒಂದು ಚಿಟಿಕೆ ಕುಸುರೆಳ್ಳು ಕಳಿಸಿದ್ದರು. ನಾನು ತಿರುಗಿ ಒಂದು ಅಕ್ಷರ ಬರೆಸಿರಲಿಲ್ಲ.

ಶೇಷಣ್ಣನವರು ಯಾರನ್ನೇ ಆಗಲಿ ಮೊದಲು ಪಾದ ನೋಡುತ್ತಿದ್ದರು, ಮುಖ ಆಮೇಲೆ. ಬೆಳಗಾವಿಯ ಕಡೆಯವರು, ಒಂಟಿ ಜೀವ, ನಮ್ಮ ವಾಡೆಯ ಮಾಳಿಗೆಯ ಮೇಲಿನ ಒಂದೇ ಖೋಲಿಯಲ್ಲಿ ಇದ್ದವರು. ಛಾಪಖಾನೆಯಲ್ಲಿ ಕರಡು ತಿದ್ದುವ ಕೆಲಸ. ತಿದ್ದಿ ತಿದ್ದಿ ಕತ್ತು ಕೆಳಗೆ ಬಿದ್ದದ್ದಕ್ಕೇ ಕಾಲು ಕಾಣುತ್ತವೆ ಎಂದು ನಮ್ಮವರು ಚೇಷ್ಟೆ ಮಾಡುತ್ತಿದ್ದರು. ಅದಕ್ಕೆ ಅವರದು ಒಂದೇ ಉತ್ತರ: “ಮಾರಿ ಸುಳ್ಳು ಹೇಳ್ತದ್ರಿ. ಕಾಲು ಹೇಳೂದಿಲ್ಲ.”

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಂದು ದಿನ ನೀರಿನ ಕೊಡ ಹೊತ್ತು ಬರುತ್ತಿದ್ದಾಗ ಜಿನೆಯ ಮೆಟ್ಟಿಲ ಮೇಲಿಂದ ಕೂಗಿ ಹೇಳಿದರು: “ವೈನಿ, ಎಡಗಾಲ ಹಿಮ್ಮಡಿ ಒಡದದ. ರಾತ್ರಿ ಬೇವಿನೆಣ್ಣಿ ಹಚ್ಚಿಕೊಂಡು ಮಲಕೋರಿ.” ನಮ್ಮ ಅತ್ತೆಗೆ ಸಿಟ್ಟು ನೆತ್ತಿಗೇರಿತು. “ಮಂದಿ ಮನಿ ಸೊಸೀ ಕಾಲು ನೋಡಾಂವ ಎಂಥಾ ಗಂಡಸೋ ನೀ?” ಎಂದರು. ಶೇಷಣ್ಣ ಕೈ ಮುಗಿದು, “ಅವ್ವಾರ, ನಿಮ್ಮ ಕಾಲೂ ನೋಡೀನ್ರಿ. ಬಲಗಾಲು ಬಾತದ. ಉಪ್ಪು ಕಡಿಮಿ ಮಾಡ್ರಿ,” ಎಂದು ಸರಸರ ಇಳಿದು ಹೋದರು. ಅತ್ತೆ ಅವರನ್ನು ಬೈಯುತ್ತಲೇ ಎಂಟು ದಿನ ಉಪ್ಪು ಬಿಟ್ಟರು. ಬಾವು ಇಳಿಯಿತು. ಆಮೇಲೆ ಬೈಗುಳೂ ಇಳಿಯಿತು.

ಪೇಠದ ಗುಮಾಸ್ತರು, ಅಂಗಡಿಯವರು, ಕಾಲೇಜು ಕಲಿಯುವವರನ್ನು ಕೂಡಿಸಿ ಅವರು ತಂಡ ಕಟ್ಟಿದ್ದರು. ನಮ್ಮ ತಂಡದವರು ಬರಿಗಾಲಿನಲ್ಲಿ ಆಡುವವರು. ಲಷ್ಕರದ ಮೈದಾನದಲ್ಲಿ ಎದುರಿಗೆ ಬರುತ್ತಿದ್ದವರು ಬೂಟು ಹಾಕಿದ ಗೋರಾ ಸಿಪಾಯಿಗಳು. ಆದ್ದರಿಂದ ಮ್ಯಾಚಿನ ದಿನ ಶೇಷಣ್ಣ ನನ್ನ ಹತ್ತಿರ ಹಳೆಯ ಧೋತರ ಕೇಳಲು ಬರುತ್ತಿದ್ದರು. ಒಗೆದು ಒಗೆದು ಮೆತ್ತಗಾದದ್ದೇ ಆಗಬೇಕು. ನಾನು ಪಟ್ಟಿ ಹರಿದು ಕೊಡುತ್ತಿದ್ದೆ. ಹನ್ನೊಂದು ಜನರ ಪಾದಗಳನ್ನು ಒಂದೊಂದಾಗಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಹಿಸುಕಿ ನೋಡಿ, ತಾವೇ ಪಟ್ಟಿ ಸುತ್ತುತ್ತಿದ್ದರು. ಚೆಂಡಿನ ಹೊಲಿಗೆ ಬಿಚ್ಚಿದರೂ ತಾವೇ ಹೊಲಿಯುತ್ತಿದ್ದರು. ಚರ್ಮದ ಚೆಂಡು ನಮ್ಮ ಹೊಸ್ತಿಲು ದಾಟುವ ಹಾಗಿರಲಿಲ್ಲ. ಜಿನೆಯ ಗೂಟಕ್ಕೆ ಚೀಲದಲ್ಲಿ ತೂಗುತ್ತಿತ್ತು. “ಚರ್ಮಾ ಮುಟ್ಟಿದ್ದಕ್ಕ ಒಂದು ಸ್ನಾನ, ಸೋತಿದ್ದಕ್ಕ ಇನ್ನೊಂದು,” ಎನ್ನುತ್ತ ಬಾವಿಕಟ್ಟೆಗೆ ಹೋಗುತ್ತಿದ್ದರು.

ಇನ್ನೊಂದು ಅವರ ನೇಮ. ಅರ್ಧ ಆಟ ಮುಗಿದಾಗ ಎಲ್ಲರಿಗೂ ಉಪ್ಪು ಹಚ್ಚಿದ ಲಿಂಬೆಹೋಳು. ತಮ್ಮ ಕಣ್ಣೆದುರಿಗೇ ಚೀಪಬೇಕು. “ಲಿಂಬಿ ಚೀಪಲಾರದಂವ ಓಡಲಾರ,” ಎನ್ನುವರು. ಲಿಂಬೆಯೂ ನಮ್ಮ ಮನೆಯದೇ, ಹೆಚ್ಚುತ್ತಿದ್ದವಳು ನಾನೇ.

ನನ್ನ ಮೈದುನ ರಾಘು ಆ ತಂಡದಲ್ಲಿ ಮುಂದೆ ನಿಂತು ಗೋಲು ಹೊಡೆಯುವವ. ನಾನು ಬಂದಾಗ ಎಂಟು ವರ್ಷದವ, ನನ್ನ ಕೈಯಲ್ಲೇ ಉಂಡು ಬೆಳೆದವ. ಎರಡು ವರ್ಷದ ಹಿಂದೆ ತಂಡ ಮೊದಲ ಸಲ ಒಂದು ಕಪ್ಪಿನ ಕಡೆಯ ಮ್ಯಾಚಿಗೆ ಹೋಯಿತು. ಅವತ್ತು ಆಷಾಢ ಏಕಾದಶಿ. ನಮ್ಮ ಮನೆಯಲ್ಲಿ ಏಕಾದಶಿಗೆ ನೀರನ್ನೂ ಮುಟ್ಟುವುದಿಲ್ಲ. ಆದರೆ ಏಕಾದಶಿಗೆ ಆಟ ಬಿದ್ದರೆ ರಾಘುನಿಗೆ ಹಾಲು, ಬಾಳೆಹಣ್ಣು ಕೊಡುವ ರೂಢಿ ಇತ್ತು. ಹಿಂದಿನ ಸಂಜೆ ಶೇಷಣ್ಣ ಬಾಗಿಲಿಗೆ ಬಂದರು. “ವೈನಿ, ನಾಳೆ ಏನು ಅಂತ ನನಗೂ ಗೊತ್ತದ. ನಿಮ್ಮ ವ್ರತಾ ನೀವು ಮಾಡ್ರಿ. ಹುಡುಗಗ ಮಾತ್ರ ಹೊಟ್ಟಿಗೆ ಏನರೆ ಹಾಕಿ ಕಳಸ್ರಿ.” ನಾನು ಹೂಂ ಎಂದೆ.

ಹೂಂ ಎಂದವಳು ಬೆಳಿಗ್ಗೆ ಹಾಗೆ ಮಾಡಲಿಲ್ಲ. ಇಂಥ ದೊಡ್ಡ ಮ್ಯಾಚು ಇಂಥ ದೊಡ್ಡ ದಿನಕ್ಕೇ ಬಂದದ್ದು ದೇವರ ಸೂಚನೆ ಎಂದು ನನಗೆ ತೋರಿತು. “ಒಂದು ದಿನ ಗಂಟಲ ಒಣಗಿದ್ರ ಏನಾಗೂದಿಲ್ಲಪಾ. ನೀ ಹನಿ ನೀರು ಮುಟ್ಟದ ಆಡ್ತಿ, ಗೆಲಸು ಅಂತ ದೇವರ ಮುಂದ ಹೇಳಿಕೊಂಡೀನಿ,” ಎಂದೆ. ರಾಘು ನನ್ನ ಮಾತು ಮೀರಿದವನಲ್ಲ.

ಸಂಜೆ ಸೋತು ಬಂದರು. ಅರ್ಧ ಆಟಕ್ಕೆ ಸರಿಸಮ ಇತ್ತಂತೆ. ಆಮೇಲೆ ಶೇಷಣ್ಣ ರಾಘುನನ್ನು ಹೊರಗೆ ಕೂಡಿಸಿದರಂತೆ. ಬದಲಿಗೆ ಇನ್ನೊಬ್ಬನನ್ನು ಇಳಿಸುವ ಕಾನೂನಿಲ್ಲ. ಹತ್ತೇ ಜನ ಆಡಿ ಒಂದು ಗೋಲಿನಿಂದ ಸೋತರು. ಯಾಕೆ ಎಂದು ಕೇಳಿದವರಿಗೆಲ್ಲ ಶೇಷಣ್ಣ, “ನನಗ ಹಂಗ ಅನಸ್ತು,” ಎಂದಷ್ಟೇ ಹೇಳಿದರು. ಪೇಠಕ್ಕೆ ಪೇಠವೇ ತಿರುಗಿಬಿತ್ತು. ಹೊಟ್ಟೆಕಿಚ್ಚು ಎಂದರು. ಗೋರಾ ಸಾಹೇಬನಿಂದ ವಿಸ್ಕಿ ಬಾಟಲಿ ಬಂದಿತ್ತು ಎಂದರು. ಏಕಾದಶಿಯ ಮಾತು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಲಿಕ್ಕೆ ನಾನು ಬಿಡಲಿಲ್ಲ. ಮರುದಿನ ದ್ವಾದಶಿ, ರಾಘು ನೆಟ್ಟಗೆ ಕೂತು ಪಾರಣೆ ಮಾಡಿದ. ದೇವರು ಇಷ್ಟಾದರೂ ಕಾಯ್ದ ಎಂದುಕೊಂಡು ಸುಮ್ಮನಾದೆ.

ಮೂರು ತಿಂಗಳಿಗೆ ಶೇಷಣ್ಣ ದೌಂಡದ ತಂಗಿಯ ಮನೆಗೆ ಹೊರಟರು. ಹೊರಡುವ ದಿನ ನಮ್ಮ ಬಾಗಿಲಿಗೆ ಬಂದು ಒಂದು ಗಂಟು ಇಟ್ಟರು. ಧೋತರದ ಪಟ್ಟಿಗಳು. ಒಗೆದು, ಒಣಗಿಸಿ, ಒಂದೊಂದನ್ನೂ ಸುರುಳಿ ಸುತ್ತಿದ್ದರು. “ಮುಂದಿನ ವರ್ಷ ಬೇಕಾಗ್ತಾವ್ರಿ ವೈನಿ.” ನಾನು, “ಇಟ್ಟು ಹೋಗ್ರಿ,” ಎಂದೆ. ಊರಿಗೆ ಹೊರಟವರ ಅಂಗೈಗೆ ಒಂದು ಚಮಚ ಮೊಸರು ಹಾಕಿ ಕಳಿಸುವುದು ನಮ್ಮ ಮನೆಯ ಪದ್ಧತಿ. ಅವತ್ತು ಮೊಸರು ಇತ್ತು. ಹಾಕಲಿಲ್ಲ. ಅವರು ಸ್ವಲ್ಪ ಹೊತ್ತು ನಿಂತರು. ನನ್ನ ಕಾಲು ನೋಡಿದರು. “ಹಿಮ್ಮಡಿ ಗುಣಾ ಆತು ನೋಡ್ರಿ,” ಎಂದು ಇಳಿದು ಹೋದರು. ಅದೇ ಕಡೆಯ ಭೇಟಿ.

ಅಷ್ಟೆಲ್ಲ ನೆನಪಾಗಿ ಒಲೆಯ ಮುಂದೆ ಕೂತಿದ್ದೆ. ಹೊರಗೆ ಕಟ್ಟೆಯ ಮೇಲೆ ಮತ್ತೆ ವಾಡೆಯ ಮಾಲೀಕರ ತಮ್ಮ ದತ್ತೋಪಂತ ಶುರು ಮಾಡಿದ. ಅಲ್ಲಿಯ ಮಾತೆಲ್ಲ ಮರಾಠಿಯಲ್ಲಿ. ನಾನು ನನ್ನ ಭಾಷೆಯಲ್ಲಿ ಹೇಳುತ್ತಿದ್ದೇನೆ.

“ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಖರೆ. ಆದರ ಹನ್ನೊಂದು ಮಂದ್ಯಾಗ ಒಬ್ಬನ್ನ ಮಾರಿಕೊಂಡ ಮನಷ್ಯಾ ಅಂವ.”

“ತಂಡ ಅಂತ ಒಂದು ಇದ್ದದ್ದು ಅವನಿಂದನ ಅಲ್ಲೇನು?” ನಮ್ಮವರು ಮೆಲ್ಲಗೆ ಅಂದರು.

“ಕಟ್ಟಿದಾಂವ ಅಂವನ ಇರಬಹುದು, ದೇಸಾಯರ. ಬಾಟ್ಲಿ ಕುಡದಾಂವ ಯಾರು?”

ಆಗ ರಾಘು ಒಳಗೆ ಬಂದ. ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತ.

“ವೈನಿ, ಇನ್ನ ಮುಚ್ಚಿಡೂದು ನನಗ ಆಗೂದಿಲ್ಲ. ಅವತ್ತ ನಾ ಲಿಂಬಿಹೋಳು ಬ್ಯಾಡ ಅಂದೆ. ಅದಕ್ಕ ಅವರಿಗೆ ಗೊತ್ತಾತು. ಏಕಾದಶಿ ಏನು ಅಂದ್ರು. ಹೂಂ ಅಂದೆ. ಕಾಲು ಮುಟ್ಟಿ ನೋಡಿದ್ರು, ತಣ್ಣಗಾಗಿತ್ತು. ಎದ್ದು ನಿಂತಾಂವ ಅಲ್ಲೇ ತಂಬೂ ಹಿಂದ ಬಿದ್ದುಬಿಟ್ಟೆ.”

“ನೀರು ಕುಡೀಬೇಕಿತ್ತಿಲ್ಲೋ?”

“ಕುಡೀಲಿಲ್ಲ. ವೈನಿ ಹೇಳಿಕೊಂಡಾರ ಅಂದೆ. ಅವರು ಅಂದ್ರು: ನಿನ್ನ ವ್ರತಾ ನಾ ಮುರಿಯೂದಿಲ್ಲ, ಆದರ ನಿನ್ನ ಕಾಲು ಮುರಿಸಿಕೊಳ್ಳಿಕ್ಕೂ ಬಿಡೂದಿಲ್ಲ. ತಮ್ಮ ಪಂಚೆ ತೋಯಿಸಿ ನನ್ನ ತಲೀಮ್ಯಾಲ ಹಾಕಿ ಕೂಡಿಸಿದ್ರು. ಮನ್ಯಾಗ ಹೇಳಬ್ಯಾಡ ಅಂತ ಆಣಿ ಹಾಕಿದ್ರು.”

“ಯಾಕ?”

ರಾಘು ನೆಲ ನೋಡಿದ. “ಗೊತ್ತಾದ್ರ ವೈನಿಗೆ ಇನ್ನೆಂದೂ ಏಕಾದಶಿ ಏಕಾದಶಿ ಆಗಿ ಉಳಿಯೂದಿಲ್ಲ ಅಂದ್ರು.”

ಎರಡು ವರ್ಷ, ತಿಂಗಳಿಗೆ ಎರಡರಂತೆ, ಅಷ್ಟೂ ಏಕಾದಶಿಗಳನ್ನು ನಾನು ನೆಮ್ಮದಿಯಿಂದ ಮಾಡಿದ್ದೆ. ಆ ನೆಮ್ಮದಿಯನ್ನು ಇನ್ನೊಬ್ಬರು ತಮ್ಮ ಹೆಸರು ಕೊಟ್ಟು ಕಾಯ್ದಿದ್ದರು.

ಕಿಟಕಿಯ ಆಚೆ ದತ್ತೋಪಂತ ಇನ್ನೂ ಬಾಟಲಿಯ ಮಾತಿನಲ್ಲೇ ಇದ್ದ. ನಾನು ಹಿಟ್ಟಿನ ಪಾತ್ರೆ ಇಳಿಸಿದೆ. ಅಟ್ಟದಿಂದ ಆ ಗಂಟು ತೆಗೆದೆ. ಸೆರಗು ಹೊದ್ದು ಕಟ್ಟೆಗೆ ಹೋದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಗಂಡಸರು ಕೂತಾಗ ಆ ಕಟ್ಟೆಯ ಹತ್ತಿರ ನಾನು ನಿಂತಿರಲಿಲ್ಲ. ನನ್ನ ಮರಾಠಿ ಕಾಯಿಪಲ್ಲೆ ಕೊಳ್ಳುವಷ್ಟೇ. ಅಷ್ಟರಲ್ಲೇ ಹೇಳಿದೆ.

“ದತ್ತೋಪಂತ ಭಾವೂಜಿ, ಬಾಟ್ಲಿ ಬಂದಿರಲಿಲ್ಲ. ರಾಘು ಅವತ್ತು ನೀರೂ ಕುಡಿದಿರಲಿಲ್ಲ. ಕುಡೀಬ್ಯಾಡ ಅಂದಾಕಿ ನಾನು. ಉಣಿಸಿ ಕಳಸ್ರಿ ಅಂತ ಅವರು ಹಿಂದಿನ ದಿನ ಹೇಳಿದ್ರು. ಹೂಂ ಅಂದು ಮಾಡಲಿಲ್ಲ. ಹುಡುಗ ಬಿದ್ದ. ನನ್ನ ಹೆಸರು ಬರಬಾರದು ಅಂತ ಅವರು ಬಾಯಿ ಬಿಡಲಿಲ್ಲ. ಮ್ಯಾಚು ಸೋಲಿಸಿದಾಕಿ ನಾನು. ಇನ್ನ ಮ್ಯಾಲ ಬೈಯೂದಿದ್ರ ನನಗ ಬೈರಿ.”

ನಮ್ಮ ಮನೆಯವರು ನನ್ನನ್ನು ಗುರುತಿಲ್ಲದವಳನ್ನು ನೋಡುವಂತೆ ನೋಡುತ್ತಿದ್ದರು. ದತ್ತೋಪಂತ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ.

“ಊರು ಬಿಡೂತನಕಾ ನಾವು ಅಂದದ್ದೆಲ್ಲಾ ಕೇಳಿಕೊಂಡು ಸುಮ್ಮನ ಇದ್ದನೇನ್ರಿ, ವಹಿನಿ?” ಎಂದ.

“ಇದ್ದರು,” ಎಂದೆ. ಗಂಟನ್ನು ಅವನ ಪಕ್ಕಕ್ಕೆ ಇಟ್ಟೆ. “ಹೊಸ ತಂಡಕ್ಕ. ಅವರ ಕೈಯಾರೆ ಒಗದದ್ದು.”

ಅವನು ಒಂದು ಸುರುಳಿ ಎತ್ತಿಕೊಂಡ. ಬಿಚ್ಚಲಿಲ್ಲ. ಮತ್ತೆ ಹಾಗೇ ಇಟ್ಟ.

ನಾನು ಒಳಗೆ ಬಂದೆ. ನಿಂತು ಹೇಳುವಷ್ಟು ಬಾಯಿ ಕೊಟ್ಟದ್ದೊಂದು ದೇವರ ದಯೆ. ಹೇಳಬೇಕಾದ ಶೇಷಣ್ಣನವರಿಗೇ ಹೇಳಲಿಲ್ಲ, ಅದಕ್ಕೆ ದಯೆ ಇಲ್ಲ. ಪಾತ್ರೆಯಲ್ಲಿ ಹಿಟ್ಟು ಬಿಗಿದು ಸೌಟು ನೆಟ್ಟಗೆ ನಿಂತಿತ್ತು. ಅಕ್ಕಿಯ ಹಿಟ್ಟು, ಚೆಲ್ಲುವ ಹಾಗಿಲ್ಲ. ಒಂದು ತಂಬಿಗೆ ಬಿಸಿನೀರು ಹೊಯ್ದು, ಲಿಂಬೆಹಣ್ಣು ಹಿಂಡಿ, ಮತ್ತೆ ಒಲೆಗೇರಿಸಿ ತಿರುವತೊಡಗಿದೆ. ಈ ಸಲ ಕೈ ಬಿಡಲಿಲ್ಲ.