ದರ್ಜಿಯ ಒಂಬತ್ತು ದಿನ

ಮೂಲೆಯಂಗಡಿಯ ದರ್ಜಿ ಊರ ಗಡಿ ದಾಟಿದವನಲ್ಲ. ಆದರೂ ಬೆಟ್ಟದ ಸೀಮೆಯ ದಾರಿಯೆಲ್ಲ ಅವನಿಗೆ ಬಾಯಿಪಾಠ. ಗೋಡೆಯ ಭೂಪಟಕ್ಕೆ ಅಳತೆ ಟೇಪು ಹಿಡಿದು, ಒಂಬತ್ತು ದಿನದೊಳಗೆ ಹನ್ನೆರಡು ಊರು ಕೂರಿಸುತ್ತಾನೆ. ಜಲಪಾತಕ್ಕೆ ಇಪ್ಪತ್ತೇ ನಿಮಿಷ, ಸರೋವರಕ್ಕೆ ಬಸ್ಸಿನ ಕಿಟಕಿಯೇ ಸಾಕು. ಗಿರಾಕಿಯ ತೋಳಿನ ಅಳತೆಯ ಜಾಗದಲ್ಲಿ ಕಣಿವೆಯ ದೂರ ಬರೆದುಕೊಂಡದ್ದೂ ಉಂಟು. "ಊಟನಾದ್ರೂ ಕೂತು ಮಾಡೋಕೆ ಬಿಡ್ತೀರಾ?" ಎಂದು ಒಳಕೋಣೆಯ ಹಾಸಿಗೆಯಿಂದ ಹೆಂಡತಿ ಕಾಡುತ್ತಾಳೆ. "ಬಸ್ಸಲ್ಲಿ ಕೂತೇ ಇರ್ತೀಯಲ್ಲ." "ಕಾಲಿಗೆ ಚಕ್ರ ಕಟ್ಕೊಂಡಿದೀರಾ? ನಾನೊಂದಿಷ್ಟು ಚೇತರಿಸ್ಕೊಳ್ತೀನಿ, ಆಮೇಲೆ ನಿಧಾನಕ್ಕೆ ಹೋಗೋಣ. ಬೆಟ್ಟ ಎಲ್ಲಿಗೂ ಓಡಿಹೋಗಲ್ಲ ಕಣ್ರೀ." ಅವನು ಪ್ರಯಾಣಕ್ಕೆಂದೇ ಅವಳಿಗೆ ಹೊಲಿದಿಟ್ಟ ಉಣ್ಣೆಯ ಕೋಟನ್ನು ಗೂಟದಿಂದ ಇಳಿಸಿಕೊಂಡು, ಈ ವರ್ಷ ಮೂರನೇ ಸಲ, ಎರಡೂ ಪಕ್ಕದ ಹೊಲಿಗೆ ಬಿಚ್ಚಿ ಇನ್ನರ್ಧ ಇಂಚು ಒಳಗೆ ಹಿಡಿದು ಹೊಲಿಯುತ್ತಾನೆ.