ಶೀತಕೋಣೆಯ ಬಾಗಿಲಲ್ಲಿ

1993ರಲ್ಲಿ ನಾನು ಹೈದರಾಬಾದಿನ ಒಂದು ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿ ಟೆಸ್ಟ್ ಎಂಜಿನಿಯರ್ ಆಗಿದ್ದೆ. ಹುಬ್ಬಳ್ಳಿಯಲ್ಲಿ ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿ ಆರೇಳು ವರ್ಷಗಳಾಗಿದ್ದವು. ನಮ್ಮ ವಿಭಾಗದ ಕೆಲಸ ಹೊರಗಿನವರಿಗೆ ವಿಚಿತ್ರವಾಗಿ ಕಾಣುವಂಥದ್ದು. ಕಾರ್ಖಾನೆಯಲ್ಲಿ ತಯಾರಾದ ಎಲೆಕ್ಟ್ರಾನಿಕ್ ಉಪಕರಣಗಳನ್ನು ಸುಡುವ ಬಿಸಿಯಲ್ಲಿ ಇಡುತ್ತಿದ್ದೆವು, ಕೊರೆಯುವ ಚಳಿಯಲ್ಲಿ ಇಡುತ್ತಿದ್ದೆವು, ಗಡಗಡ ಅಲುಗಾಡಿಸುತ್ತಿದ್ದೆವು, ಉಪ್ಪುನೀರು ಸಿಂಪಡಿಸುತ್ತಿದ್ದೆವು. ಇಷ್ಟನ್ನೂ ತಾಳಿಕೊಂಡ ಮೇಲೆ ಮಾತ್ರ ಅವು ಮರುಭೂಮಿಗೋ ಹಿಮದ ಗಡಿಗೋ ಹೊರಡಬಹುದಿತ್ತು. ಪರೀಕ್ಷೆಯಾಗದ ಯಾವುದೂ ಗೇಟು ದಾಟಬಾರದು ಎಂದು ನಮಗೆಲ್ಲ ಕಲಿಸಿದವರು ವಿಭಾಗದ ಹಿರಿಯರಾದ ದೇಸಾಯಿಯವರು.

ದೇಸಾಯಿಯವರು ಬಾಗಲಕೋಟೆ ಕಡೆಯವರು. ಕ್ವಾರ್ಟರ್ಸಿನಲ್ಲಿ ನಮ್ಮ ಮನೆಯ ಕೆಳಗಿನ ಮನೆಯೇ ಅವರದು. ಅವರ ಹೆಂಡತಿ ಶಾರದಾ ವೈನಿ ರೊಟ್ಟಿ ಬಡಿಯುವ ಸದ್ದಿಗೇ ನಾನು ಬೆಳಿಗ್ಗೆ ಏಳುತ್ತಿದ್ದೆ. ದೇಸಾಯಿಯವರಿಗಿದ್ದ ಒಂದೇ ಹುಚ್ಚು ಫೋಟೋಗ್ರಫಿ. ನಾನೂ, ನಮ್ಮ ವಿಭಾಗದ ಇನ್ನೊಬ್ಬ ಎಂಜಿನಿಯರ್ ಯಾದಗಿರಿಯೂ ಆ ಹುಚ್ಚಿನ ಶಿಷ್ಯರು. ಯಾದಗಿರಿ ವರಂಗಲ್ಲಿನವನು, ಮನೆಯಲ್ಲಿ ತೆಲುಗು, ನಮ್ಮೊಂದಿಗೆ ಹಿಂದಿ, ಬೈಯುವುದಕ್ಕೆ ಮಾತ್ರ ದೇಸಾಯಿಯವರಿಂದ ಕಲಿತ ಕನ್ನಡ.

ಆ ವರ್ಷ ಮೂವರೂ ಕೂಡಿ ಲಡಾಖಿನ ಹೆಮಿಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದೆಂದು ನಿರ್ಧಾರವಾಯಿತು. ಉದ್ದೇಶ, ಹಿಮಚಿರತೆಯ ಫೋಟೋ. ಬೇಸಿಗೆಯಲ್ಲಿ ಅದು ಎತ್ತರದ ಬಂಡೆಗಳಲ್ಲಿ ಕಾಣೆಯಾಗಿಬಿಡುತ್ತದೆ. ಚಳಿಗಾಲದಲ್ಲಿ ಭರಲ್ ಎಂಬ ಕಾಡುಕುರಿಗಳು ಕಣಿವೆಗೆ ಇಳಿದಾಗ ಅವುಗಳ ಬೆನ್ನಿಗೆ ತಾನೂ ಇಳಿಯುತ್ತದೆ. ಹಾಗಾಗಿ ಹೋಗುವುದಾದರೆ ಮುಂದಿನ ಫೆಬ್ರುವರಿಯಲ್ಲೇ ಹೋಗಬೇಕು. ಸಿಕಂದರಾಬಾದ್ ಸ್ಟೇಷನ್ ಹತ್ತಿರದ ಇರಾನಿ ಹೋಟೆಲಿನಲ್ಲಿ, ಚಹಾ ಕಪ್ಪುಗಳ ನಡುವೆ ನಕ್ಷೆ ಹರಡಿಕೊಂಡು, ದೆಹಲಿಯವರೆಗೆ ರೈಲು, ಅಲ್ಲಿಂದ ಲೇಹ್‌ಗೆ ವಿಮಾನ, ಮುಂದೆ ಕಣಿವೆಯ ಹಳ್ಳಿಗಳಲ್ಲಿ ಯಾರದಾದರೂ ಮನೆ ಎಂದು ಲೆಕ್ಕ ಹಾಕಿದೆವು.

"ಹಿಮಚಿರತೆ ಸಿಗಲಿಲ್ಲಂದ್ರ ಏನ್ ಮಾಡೋದ್ರಿ ಸರ?" ಎಂದು ನಾನು ಕೇಳಿದ್ದೆ.

"ಯಾದಗಿರಿಗೆ ಚುಕ್ಕಿ ಬಳದು ಬಂಡೆಗಲ್ಲ ಮ್ಯಾಲೆ ಕುಂಡ್ರಸೋಣ. ಯಾರಿಗೆ ಗೊತ್ತಾಗತೈತಿ?" ಎಂದು ದೇಸಾಯಿ ನಕ್ಕಿದ್ದರು.

ಆದರೆ ಅವರ ನಿಜವಾದ ಚಿಂತೆ ಬೇರೆಯೇ ಇತ್ತು. ಅವರ ಪರಿಚಯದ ಒಬ್ಬರು ಹಿಮಾಲಯಕ್ಕೆ ಹೋದಾಗ ಚಳಿಗೆ ಫಿಲ್ಮು ಗಾಜಿನಂತೆ ಪೆಡಸಾಗಿ ಕ್ಯಾಮೆರಾದೊಳಗೇ ಮುರಿದಿತ್ತಂತೆ. ಬ್ಯಾಟರಿ ಸತ್ತಿತ್ತಂತೆ. ದಪ್ಪ ಕೈಗವಸು ಹಾಕಿಕೊಂಡು ಫಿಲ್ಮ್ ಬದಲಿಸಲು ಬಂದಿರಲಿಲ್ಲವಂತೆ. ಬೇರೆಯವರಾಗಿದ್ದರೆ ಹೋದ ಮೇಲೆ ನೋಡಿಕೊಳ್ಳೋಣ ಎನ್ನುತ್ತಿದ್ದರು. ನಾವು ಟೆಸ್ಟ್ ಎಂಜಿನಿಯರುಗಳು. ಮನೆಯ ಛತ್ರಿಯನ್ನೂ ಶವರ್ ಕೆಳಗೆ ಹಿಡಿದು ನೋಡುವ ಜಾತಿ.

"ನಮ್ಮ ಕಡೆ ಲಡಾಖ್ ಐತಲ್ಲೋ! ಬಾಗಲಾ ತಗದು ಒಳಗ ಹೋದರಾತು," ಎಂದರು ದೇಸಾಯಿ.

ಅವರು ಹೇಳಿದ್ದು ನಮ್ಮ ವಾಕ್-ಇನ್ ಕೋಲ್ಡ್ ಚೇಂಬರ್ ಬಗ್ಗೆ. ಅದು ಒಂದು ಸಣ್ಣ ಕೋಣೆಯಷ್ಟು ದೊಡ್ಡ ಶೀತಪೆಟ್ಟಿಗೆ. ಉಕ್ಕಿನ ಗೋಡೆ, ದಪ್ಪ ಬಾಗಿಲು, ಒಳಗಿನದು ಕಾಣಲು ಹಲವು ಪದರದ ಗಾಜಿನ ಕಿಟಕಿ. ಕಂಪ್ರೆಸರ್ ಒಂದರಿಂದಲೇ ತಂಪು ಮಾಡಿದರೆ ತುಂಬ ಹೊತ್ತು ಹಿಡಿಯುತ್ತದೆ. ಬೇಗ ಆಗಬೇಕೆಂದರೆ ದ್ರವ ನೈಟ್ರೋಜನ್ ಸಿಂಪಡಿಸುವ ವ್ಯವಸ್ಥೆ ಇತ್ತು. ದ್ರವ ನೈಟ್ರೋಜನ್ ಮೈನಸ್ 196 ಡಿಗ್ರಿಯಷ್ಟು ತಣ್ಣಗಿರುತ್ತದೆ. ಒಂದು ಲೀಟರ್ ಆವಿಯಾದರೆ ಸುಮಾರು ಏಳುನೂರು ಲೀಟರ್ ಅನಿಲವಾಗುತ್ತದೆ. ಅದು ವಿಷವಲ್ಲ. ನಾವು ಉಸಿರಾಡುವ ಗಾಳಿಯ ಬಹುಪಾಲು ಅದೇ. ಆದರೆ ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡರೆ ಆಮ್ಲಜನಕವನ್ನು ಹೊರದಬ್ಬುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರುವುದಿಲ್ಲ, ಉಸಿರು ಕಟ್ಟಿದ ಹಾಗೂ ಅನಿಸುವುದಿಲ್ಲ. ಉಪಕರಣಗಳಿಗೆ ಉಸಿರಾಟ ಬೇಕಿಲ್ಲವಾದ್ದರಿಂದ ದಿನನಿತ್ಯದ ಕೆಲಸದಲ್ಲಿ ಇದು ತೊಂದರೆಯೇ ಆಗಿರಲಿಲ್ಲ. ನೈಟ್ರೋಜನ್ ಹರಿಯುವಾಗ ಮನುಷ್ಯರು ಒಳಗಿರಬಾರದು ಎಂಬುದು ಮೂವರಿಗೂ ಬಾಯಿಪಾಠ.

ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ ಚೇಂಬರ್ ಖಾಲಿಯಿತ್ತು. ಮೇಲಧಿಕಾರಿಗಳ ಒಪ್ಪಿಗೆ ಪಡೆದಿದ್ದೆವು. ಸೇನೆಯಲ್ಲಿದ್ದ ಭಾವನಿಂದ ತಂದ ಪುಕ್ಕ ತುಂಬಿದ ಕೋಟು ತೊಟ್ಟು ದೇಸಾಯಿಯವರು ಕಾರಿಡಾರಿನಲ್ಲಿ ಬಂದಾಗ ಅವರ ಹಣೆಯಿಂದ ಬೆವರಿಳಿಯುತ್ತಿತ್ತು.

ಎಷ್ಟು ಎಚ್ಚರಿಕೆ ವಹಿಸಿದ್ದೆವು ಎಂಬುದನ್ನು ಹೇಳಲೇಬೇಕು. ಒಳಗೆ ಸಿಕ್ಕಿಕೊಂಡರೆ ಎಂಬ ಭಯಕ್ಕೆ ಬಾಗಿಲಿನ ಒಳಚಿಲಕವನ್ನು ಮತ್ತೆ ಮತ್ತೆ ಒತ್ತಿ ನೋಡಿದೆವು. ಚಳಿ ಹತ್ತಿದರೆ ಎಂದು ಫ್ಲಾಸ್ಕಿನಲ್ಲಿ ಬಿಸಿ ಚಹಾ ಇಟ್ಟೆವು. ಕಿಟಕಿಯಿಂದ ಯಾರಾದರೊಬ್ಬರು ಸದಾ ನೋಡುತ್ತಿರಬೇಕು, ಒಳಗಿರುವವರು ಆಗಾಗ ಹೆಬ್ಬೆರಳು ಎತ್ತಿ ತೋರಿಸುತ್ತಿರಬೇಕು ಎಂದು ಗೊತ್ತುಮಾಡಿದೆವು. ಹೆದರಬೇಕಾದದ್ದಕ್ಕೆಲ್ಲ ಹೆದರಿದ್ದೇವೆ ಎಂದುಕೊಂಡಿದ್ದೆವು.

ಮೊದಲು ನೈಟ್ರೋಜನ್ ಬಿಟ್ಟು ಮೈನಸ್ 20ಕ್ಕೆ ಇಳಿಸಲಾಯಿತು. ಆ ಮಟ್ಟ ಮುಟ್ಟಿದ ಕೂಡಲೇ ಬುಸುಗುಟ್ಟುವ ಸದ್ದು ನಿಂತಿತು. ಬಾಗಿಲು ತೆರೆದಿಟ್ಟು ಒಳಗಿನ ಗಾಳಿ ಬದಲಾಗಲು ಬಿಟ್ಟೆವು. ಆಮೇಲೆ ಚಳಿ ಕಾಯ್ದುಕೊಳ್ಳುವ ಕೆಲಸ ಕಂಪ್ರೆಸರಿನದು. ದೇಸಾಯಿ ಒಳಹೊಕ್ಕು ಒಂದು ರೋಲು ಮುಗಿಸಿ ಹೊರಬಂದರು. ಮೀಸೆಯ ಮೇಲೆ ಬೆಳ್ಳಗೆ ಹಿಮ ಕೂತಿತ್ತು. ಕೈಗವಸಿನಲ್ಲೇ ಫಿಲ್ಮ್ ಬದಲಿಸಿದ್ದರು. ಎರಡನೆಯ ಸಲ ಇನ್ನೊಂದು ಕ್ಯಾಮೆರಾ. ಅದೂ ಪಾಸಾಯಿತು. ಮೂರನೆಯ ಸಲ ಟ್ರೈಪಾಡ್ ಬೇಕೆಂದರು. ಅದನ್ನು ಕೊಡಲು ಬಾಗಿಲು ತೆರೆದೆವು. ಲೆನ್ಸ್ ಮರೆತಿದ್ದರು, ಮತ್ತೆ ತೆರೆದೆವು. ಕೇಬಲ್ಲಿಗಾಗಿ ಇನ್ನೊಮ್ಮೆ. ಪ್ರತಿ ಸಲವೂ ಹೈದರಾಬಾದಿನ ಬೆಚ್ಚಗಿನ ಗಾಳಿ ಒಳನುಗ್ಗಿ ಮಂಜಾಗುತ್ತಿತ್ತು.

ಕಂಟ್ರೋಲರ್ ಆಟೋ ಸ್ಥಿತಿಯಲ್ಲಿತ್ತು. ಅಂದರೆ, ಒಳಗಿನ ಉಷ್ಣತೆ ಗೊತ್ತುಪಡಿಸಿದ ಮಿತಿ ದಾಟಿ ಏರಿದರೆ ಅದು ಯಾರನ್ನೂ ಕೇಳದೆ ನೈಟ್ರೋಜನ್ ವಾಲ್ವ್ ತೆರೆಯುತ್ತದೆ. ಮೊದಲು ಸದ್ದು ನಿಂತಾಗ ನೈಟ್ರೋಜನ್ ಬಂದಾಯಿತು ಎಂದು ಮೂವರೂ ತಿಳಿದಿದ್ದೆವು. ಅದು ಆ ಹೊತ್ತಿಗೆ ನಿಂತಿತ್ತು, ಅಷ್ಟೇ. ಚೇಂಬರಿನ ಹಿಂಬದಿಯ ಗೋಡೆಯಲ್ಲಿದ್ದ ಕೈವಾಲ್ವನ್ನು ಯಾರೂ ಮುಚ್ಚಿರಲಿಲ್ಲ.

ಕಿಟಕಿಯಲ್ಲಿ ನಾನಿದ್ದೆ. ಒಳಗೆ ಮಂಜು ದಟ್ಟವಾಗುತ್ತಿತ್ತು. ಬಾಗಿಲು ತೆರೆದಾಗಲೆಲ್ಲ ಮಂಜು ಕಂಡಿದ್ದರಿಂದ ನನಗದು ಹೊಸದೆನಿಸಲಿಲ್ಲ. ದೇಸಾಯಿಯವರು ಮಂಜು ನೋಡಿ ಮಗುವಿನ ಹಾಗೆ ನಕ್ಕರು. ಗಾಜಿನ ಕಡೆ ತಿರುಗಿ ದೊಡ್ಡದಾಗಿ ಏನೋ ಕೂಗಿದರು. ಚೇಂಬರಿನೊಳಗೆ ಗಾಳಿ ತಿರುಗಿಸುವ ಫ್ಯಾನಿನ ಸದ್ದಿನಲ್ಲಿ "ಹಿಮಾಲಯ" ಎಂಬುದಷ್ಟೇ ಕೇಳಿಸಿತು. ಕ್ಯಾಮೆರಾ ಎತ್ತಿ ಆ ಮಂಜಿನದೇ ಫೋಟೋ ತೆಗೆಯತೊಡಗಿದರು. ನನಗೆ ಹೆಬ್ಬೆರಳು ತೋರಿಸಿದರು. ಆಮೇಲೆ ನಿಧಾನವಾಗಿ, ದಣಿದವರು ಕಟ್ಟೆಯ ಮೇಲೆ ಕೂರುವ ಹಾಗೆ, ಗೋಡೆಗೆ ಬೆನ್ನು ಕೊಟ್ಟು ಕೆಳಗೆ ಕೂತರು. ಮುಖದಲ್ಲಿ ನಗು ಹಾಗೇ ಇತ್ತು.

ಕಿಟಕಿ ಬಡಿದೆ. ಹೆಬ್ಬೆರಳು ಏಳಲಿಲ್ಲ. ಎರಡೂ ಕೈಗಳಿಂದ ಬಡಿದೆ. ಕ್ಯಾಮೆರಾ ಅವರ ಕೈಯಿಂದ ಜಾರಿತು. ಅದನ್ನು ಹಿಡಿಯಲು ಅವರು ಪ್ರಯತ್ನಿಸಲಿಲ್ಲ. ಕ್ಯಾಮೆರಾ ಬಿದ್ದರೂ ಸುಮ್ಮನಿರುವ ದೇಸಾಯಿಯವರನ್ನು ನಾನು ಕಂಡದ್ದೇ ಇಲ್ಲ. ತಿರುಗಿ ನೋಡಿದರೆ ಗೋಡೆಯುದ್ದಕ್ಕೂ ಹೋದ ನೈಟ್ರೋಜನ್ ಪೈಪಿನ ಮೇಲೆ ಹೊಸ ಹಿಮ ಹಾಲಿನಂತೆ ಬೆಳ್ಳಗೆ ಕಟ್ಟಿತ್ತು.

ಯಾದಗಿರಿ ಆಗಲೇ ಬಾಗಿಲ ಹಿಡಿಗೆ ಕೈ ಹಾಕಿದ್ದ. ನಾನು ಓಡಿಹೋಗಿ ಅವನಿಗೂ ಬಾಗಿಲಿಗೂ ನಡುವೆ ನಿಂತೆ.

"ನೈಟ್ರೋಜನ್! ಪೆಹಲೇ ವಾಲ್ವ್ ಬಂದ್ ಕರೋ!"

"ಹಟೋ ಮೇಡಂ! ಮರ್ ಜಾಯೇಂಗೇ ವೋ!" ಸರಿ, ಅವರು ಸತ್ತೇಹೋಗುತ್ತಾರೆ ಎಂದು ಕೂಗುವಾಗ ಅವನ ಕಣ್ಣು ಹೊರಗೆ ಬಂದಿತ್ತು. ನನ್ನ ಭುಜ ಹಿಡಿದು ಎಳೆದ.

"ನೀನೂ ಅಲ್ಲೇ ಬೀಳ್ತೀದಿ! ಆಮ್ಯಾಲೆ ನಿನ್ನ ಎತ್ತಾಕ ನಾನು! ಮೂರೂ ಮಂದಿ!" ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು ಕನ್ನಡವೇ. "ವಾಲ್ವ್ ಮುಚ್ಚಿ ಬಾ, ಬಾಗಲಾ ಬಿಡತೀನಿ!"

ಅಂದು ಮಾತ್ರ ಅವನು ತೆಲುಗಿನಲ್ಲೇ ಬೈದ. ನನಗೆ ಹೃದಯವೇ ಇಲ್ಲ ಎಂಬರ್ಥದ ಮಾತು. ಬೈದು, ಚೇಂಬರಿನ ಹಿಂಬದಿಗೆ ಓಡಿದ.

ಆಗ ನಾನು ಬಾಗಿಲನ್ನು ಪೂರ್ತಿ ತೆರೆದು, ಲ್ಯಾಬಿನ ದೊಡ್ಡ ಪೆಡೆಸ್ಟಲ್ ಫ್ಯಾನನ್ನು ಎಳೆದು ತಂದು ಒಳಮುಖವಾಗಿ ತಿರುಗಿಸಿದೆ. ಬಿಳಿ ಮಂಜು ಹೊಸ್ತಿಲು ದಾಟಿ ನನ್ನ ಪಾದಗಳ ಮೇಲೆ ಹರಿಯಿತು. ದೇಸಾಯಿಯವರು ಪಕ್ಕಕ್ಕೆ ವಾಲಿ ನೆಲಕ್ಕೆ ಬಿದ್ದಿದ್ದರು. ತಣ್ಣನೆಯ ನೈಟ್ರೋಜನ್ ಗಾಳಿಗಿಂತ ಭಾರ. ನೆಲದ ಹತ್ತಿರವೇ ಹೆಚ್ಚು ತುಂಬಿರುತ್ತದೆ. ಅದೂ ನನಗೆ ಗೊತ್ತಿತ್ತು. ಅವರ ಬೂಟು ನನ್ನಿಂದ ಎರಡು ಮಾರು ದೂರದಲ್ಲಿತ್ತು. ಹೋಗಿ ಎಳೆದುಬಿಡೋಣ ಎಂದು ಮೈಯ ಒಂದೊಂದು ನರವೂ ಹೇಳುತ್ತಿತ್ತು. ಬಾಗಿಲ ಚೌಕಟ್ಟನ್ನು ಎರಡೂ ಕೈಗಳಿಂದ ಹಿಡಿದು ನಿಂತೆ, ಬೇರೆ ಯಾರನ್ನೂ ತಡೆಯಲು ಅಲ್ಲ, ನನ್ನನ್ನೇ ತಡೆಯಲು. ವಾಲ್ವ್ ಹಿಮದಲ್ಲಿ ಕಚ್ಚಿಕೊಂಡಿದ್ದರೆ? ಯಾದಗಿರಿಯ ಕೈ ಜಾರಿದರೆ? ಎದುರಿಗೆ ಒಬ್ಬ ಮನುಷ್ಯ ಸಾಯುವುದನ್ನು ನಾನು ನಿಂತು ನೋಡುತ್ತಿದ್ದೇನೆಯೇ?

"ಬಂದ್ ಹೋ ಗಯಾ!" ವಾಲ್ವ್ ಮುಚ್ಚಿತೆಂಬ ಕೂಗು ಹಿಂದಿನಿಂದ ಬಂತು.

ಫ್ಯಾನು ಮಂಜನ್ನು ತೆಳ್ಳಗೆ ಮಾಡಿತ್ತು. ಇಬ್ಬರೂ ಹೊರಗೆ ಉಸಿರು ತುಂಬಿಕೊಂಡು, ಬಿಗಿಹಿಡಿದು ಒಳಹೊಕ್ಕೆವು. ಇಂದಿನ ನಿಯಮಗಳ ಪ್ರಕಾರ ಅದೂ ತಪ್ಪೇ. ಉಸಿರಾಟದ ಸಿಲಿಂಡರ್ ಬೆನ್ನಿಗಿಲ್ಲದೆ ಯಾರೂ ಹೋಗಬಾರದು. ನಮ್ಮಲ್ಲಿ ಅದಿರಲಿಲ್ಲ. ಆ ದಪ್ಪ ಕೋಟಿನ ಕೊರಳಪಟ್ಟಿ ಹಿಡಿದು ಅವರನ್ನು ಮೂಟೆಯಂತೆ ಹೊರಗೆಳೆದೆವು. ತುಟಿ ನೀಲಿಯಾಗಿತ್ತು. ಯಾದಗಿರಿ ಬಾಯಿಗೆ ಬಾಯಿಟ್ಟು ಉಸಿರು ಊದಿದ. ನಾನು ನಾಡಿ ಹಿಡಿದಿದ್ದೆ. ಅದು ನನ್ನದೋ ಅವರದೋ ತಿಳಿಯುತ್ತಿರಲಿಲ್ಲ. ಕೊನೆಗೆ ಅವರ ಎದೆಯಿಂದ ಒಂದು ದೀರ್ಘ, ಹರಿದಂಥ ಉಸಿರು ಬಂತು. ಆಮೇಲೆ ವಾಂತಿ. ವಾಂತಿ ಕಂಡು ಅಷ್ಟು ಸಂತೋಷಪಟ್ಟದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡರು. ತಲೆನೋವು ಬಿಟ್ಟರೆ ಬೇರೆ ಹಾನಿಯಾಗಿರಲಿಲ್ಲ. ನಾನು ನೋಡಲು ಹೋದಾಗ ಶಾರದಾ ವೈನಿ ಕಾರಿಡಾರಿನಲ್ಲೇ ತಡೆದರು. ಯಾದಗಿರಿ ನಡೆದದ್ದನ್ನೆಲ್ಲ ನಡೆದ ಹಾಗೆಯೇ ಹೇಳಿದ್ದ.

"ನೀ ಬಾಗಲಕ್ಕ ಅಡ್ಡ ನಿಂತಿದ್ದೆಂತಲ್ಲ ಮಾಲತಿ?"

"ಹೌದ್ರಿ ವೈನಿ."

"ನಾ ಇದ್ದಿದ್ರ ನಿನ್ನ ಜುಟ್ಟಾ ಹಿಡಿದು ನೂಕಿ ಒಳಗ ಹೋಗತಿದ್ದೆ."

"ಗೊತ್ತೈತ್ರಿ. ಆಗ ಮನೀಗೆ ಇಬ್ಬರ ಹೆಣಾ ತರಬೇಕಾಗತಿತ್ತು."

ಅವರು ನನ್ನ ಎದುರಿಗೇ ಬಂದು ನಿಂತರು. ಕೆನ್ನೆಗೆ ಹೊಡೆಯುತ್ತಾರೆ ಎಂದುಕೊಂಡೆ. "ಬಾ, ಇಲ್ಲಿ ಕುಂಡ್ರು," ಎಂದರು. ನನ್ನ ಎರಡೂ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿಕೊಂಡರು. ಆ ದಿನದ ನಂತರ ನಾನು ಮೊದಲ ಸಲ ಅತ್ತದ್ದು ಆಗಲೇ.

ಒಳಗೆ ದೇಸಾಯಿಯವರು ದಿಂಬಿಗೆ ಒರಗಿ ಕೂತಿದ್ದರು. ಒಂದು ಪ್ರಶ್ನೆ ನನ್ನನ್ನು ಕೊರೆಯುತ್ತಿತ್ತು.

"ಸರ, ನಾ ಕಿಟಕಿ ಬಡದದ್ದು ಕೇಳಿಸ್ತೇನ್ರಿ?"

"ಕೇಳಿಸ್ತಲ್ಲ. ಫೋಟೋ ಛಲೋ ಬರಾಕತ್ತಾವಂತ ನೀ ಖುಷೀಲೆ ಚಪ್ಪಾಳಿ ಹೊಡ್ಯಾಕತ್ತೀದಿ ಅಂದ್ಕೊಂಡೆ."

"ತ್ರಾಸ ಏನೂ ಆಗಲಿಲ್ಲೇನ್ರಿ? ಅಂಜಿಕಿ?"

"ಎಲ್ಲೀ ಅಂಜಿಕಿ? ಭಾಳ ಆರಾಮ ಇತ್ತು. ಜರಾ ಕೂತು ಏಳೋಣು ಅನಿಸ್ತು." ಹೇಳುತ್ತ ಹೇಳುತ್ತ ಅವರ ಮುಖದ ಬಣ್ಣ ಇಳಿಯಿತು. ಹಾಗೆ ಕೂತವರು ಏಳುವುದಿಲ್ಲ ಎಂಬುದು ಅವರಿಗೂ ಆ ಕ್ಷಣದಲ್ಲಿಯೇ ಹೊಳೆದಿರಬೇಕು. ಹೊದಿಕೆಯನ್ನು ಕೊರಳವರೆಗೆ ಎಳೆದುಕೊಂಡರು.

ಚೇಂಬರಿನಲ್ಲಿ ಆಕ್ಸಿಜನ್ ಮೀಟರ್ ಬಂತು, ಆಮ್ಲಜನಕ ಇಳಿದರೆ ಕೂಗುವ ಅಲಾರಂ ಬಂತು, ಬಾಗಿಲು ತೆರೆದರೆ ನೈಟ್ರೋಜನ್ ತಾನೇ ಕಡಿದುಹೋಗುವ ವ್ಯವಸ್ಥೆ ಬಂತು. ಹೆಮಿಸ್‌ಗೆ ದೇಸಾಯಿಯವರೂ ಯಾದಗಿರಿಯೂ ಮುಂದೊಂದು ಚಳಿಗಾಲ ಹೋಗಿಬಂದರು. ಚಿರತೆ ಸಿಗಲಿಲ್ಲ, ಭರಲ್‌ಗಳ ಒಳ್ಳೆಯ ಚಿತ್ರಗಳು ಸಿಕ್ಕವು. ನಾನು ಹೋಗಲಿಲ್ಲ. ಚಿತ್ರಗಳಲ್ಲಿನ ಮಂಜನ್ನೇ ನನಗೆ ಪೂರ್ತಿ ನೋಡಲಾಗಲಿಲ್ಲ.

ನಿವೃತ್ತಿಯವರೆಗೂ ಹೊಸಬರಿಗೆ ಸುರಕ್ಷತೆಯ ಪಾಠ ಹೇಳುವ ಕೆಲಸ ನನ್ನದಾಗಿತ್ತು. ಹೆದರಿಕೆಯನ್ನು ಕಾವಲುಗಾರನೆಂದು ನಂಬಬೇಡಿ, ಅದು ಬಾರದೆ ಇರುವ ಅಪಾಯಗಳೂ ಇವೆ, ಮೀಟರ್ ನೋಡಿ ಎಂದು ಮೊದಲು ಹೇಳುತ್ತಿದ್ದೆ. ಆಮೇಲೆ ಅವರನ್ನು ಜೋಡಿ ಮಾಡಿ ಚೇಂಬರಿನ ಮುಂದೆ ನಿಲ್ಲಿಸುತ್ತಿದ್ದೆ. ಒಬ್ಬರು ಒಳನುಗ್ಗಬೇಕು, ಇನ್ನೊಬ್ಬರು ತಡೆಯಬೇಕು. ಎಲ್ಲರೂ ನಗುತ್ತಿದ್ದರು. ಒಂದು ಸಲ ಒಬ್ಬ ಹುಡುಗಿ ಕೇಳಿದಳು, "ಒಳಗಿರೋದು ನಮ್ಮವರೇ ಆದ್ರೂ ತಡೀಬೇಕೇನ್ರಿ ಮೇಡಂ?"

"ನಮ್ಮವರಾದ್ರ ಇನ್ನೂ ಗಟ್ಟಿ ತಡೀಬೇಕವಾ," ಎಂದೆ.

ಈ ಉತ್ತರ ಸರಿಯೆಂದು ನನಗೆ ಗೊತ್ತು. ಆದರೂ ಕಣ್ಣು ಮುಚ್ಚಿದರೆ ನಾನು ಇಂದಿಗೂ ಆ ಚೌಕಟ್ಟು ಹಿಡಿದು ನಿಂತಿರುತ್ತೇನೆ, ಎರಡು ಮಾರು ದೂರದಲ್ಲಿ ಆ ಬೂಟು ಕಾಣುತ್ತಿರುತ್ತದೆ, ಹಿಂದಿನಿಂದ ಯಾವ ಕೂಗೂ ಇನ್ನೂ ಬಂದಿರುವುದಿಲ್ಲ.